ಕೇಪುಳದ ಬಣ್ಣ

ಮೂಡುಬಿದಿರೆ
7 ಜುಲೈ 2024

ಪ್ರೀತಿಯ ರುಕ್ಮಯ್ಯ ಮಾವನಿಗೆ,

ಮೋಕ್ಷಿತಾಳ ನಮಸ್ಕಾರ. ನಾನು ಚೆನ್ನಾಗಿದ್ದೇನೆ, ಹಾಸ್ಟೆಲಿನ ಸಾಂಬಾರು ಮಾತ್ರ ಚೆನ್ನಾಗಿಲ್ಲ. ಈ ಕಾಲದಲ್ಲಿ ಯಾರು ಕಾಗದ ಬರೆಯುತ್ತಾರೆ ಎಂದು ನೀವು ನಗಬಹುದು. ಎಂತ ಮಾಡುವುದು, ಇಲ್ಲಿ ಮೊಬೈಲ್ ಇಟ್ಟುಕೊಳ್ಳಲು ಬಿಡುವುದಿಲ್ಲ. ಭಾನುವಾರ ಹಾಸ್ಟೆಲಿನ ಫೋನಿನಲ್ಲಿ ಮಾತಾಡಬಹುದು, ಆದರೆ ಹಿಂದೆ ಉದ್ದದ ಸಾಲು. ಅಮ್ಮ "ಊಟ ಆಯಿತಾ, ಓದಿದೆಯಾ" ಎಂದು ಕೇಳುವಷ್ಟರಲ್ಲಿ ಹಿಂದಿನವಳು ಬೆನ್ನಿಗೆ ತಿವಿಯುತ್ತಾಳೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಜೀವಶಾಸ್ತ್ರದ ಸಾತ್ವಿಕಾ ಮೇಡಂ ಎಲ್ಲರಿಗೂ ಒಂದೊಂದು ಪ್ರಾಜೆಕ್ಟ್ ಕೊಟ್ಟಿದ್ದಾರೆ. ನಾನು "ರಸ್ತೆಬದಿಯ ಕಾಡುಹೂಗಳು" ತೆಗೆದುಕೊಂಡೆ. ನಿಮ್ಮ ಧೈರ್ಯದ ಮೇಲೆ ತೆಗೆದುಕೊಂಡದ್ದು ಮಾವ. ದಿನಾ ಬೆಳಿಗ್ಗೆ ಬಂಟ್ವಾಳದಲ್ಲಿ ಸೋಡಾ, ಶರಬತ್ತು ತುಂಬಿಸಿಕೊಂಡು ಕಕ್ಕಿಂಜೆಯವರೆಗೆ ಅಂಗಡಿ ಅಂಗಡಿಗೆ ಹಾಕುತ್ತಾ ಬರುವವರು ನೀವು. ಆ ರಸ್ತೆಯಲ್ಲಿ ನಿಮಗೆ ಕಾಣದ ಹೂ ಯಾವುದುಂಟು?

ಮಾಡಬೇಕಾದದ್ದು ಇಷ್ಟೆ. ಗಾಡಿ ನಿಲ್ಲಿಸಿದಲ್ಲಿ ಹೂ ಕಂಡರೆ ಒಂದು ಗೆಲ್ಲು, ಎರಡು ಎಲೆ ಸಮೇತ ಕೊಯ್ಯಿರಿ. ಹಳೆ ಪೇಪರಿನ ನಡುವೆ ಇಟ್ಟು ಮೇಲೆ ಸೋಡಾ ಕ್ರೇಟು ಹೇರಿ. ಒಣಗಿದ ಮೇಲೆ ನನಗೆ ಅಂಚೆಗೆ ಹಾಕಿ. ಜೊತೆಗೆ ಒಂದು ಚೀಟಿಯಲ್ಲಿ ಊರು, ತಾರೀಕು, ಮುಖ್ಯವಾಗಿ ಹೂವಿನ ಬಣ್ಣ ಬರೆಯಬೇಕು. ಒಣಗಿದರೆ ಎಲ್ಲ ಹೂವೂ ಬಣ್ಣ ಬಿಡುತ್ತದೆ, ಕೆಂಪು ಯಾವುದು, ನೇರಳೆ ಯಾವುದು ಎಂದು ಇಲ್ಲಿ ಕುಳಿತ ನನಗೆ ಗೊತ್ತಾಗುವುದಿಲ್ಲ. ಕೊಯ್ದ ಕೂಡಲೇ ಬರೆಯಿರಿ. ನಾನು ಮಾಡುವ ಪುಸ್ತಕದಲ್ಲಿ ಹೂಗಳು ಬಣ್ಣದ ಲೆಕ್ಕದಲ್ಲಿ ಇರುತ್ತವೆ. ಹೆಸರು ಗೊತ್ತಿಲ್ಲದವರೂ ಕೆಂಪು ಹೂ ಕಂಡರೆ ಕೆಂಪು ಪುಟ ತೆರೆದು ಹುಡುಕಬಹುದು. ಹೆಸರು ಹುಡುಕುವುದು ನನ್ನ ಕೆಲಸ, ಬಣ್ಣ ಹೇಳುವುದು ನಿಮ್ಮ ಕೆಲಸ.

ನಿಮ್ಮ ಕೆಮ್ಮು ಹೋಯಿತಾ? ಫೋನಿನಲ್ಲಿ ನಾನು ಕೇಳಿದರೆ ಅಮ್ಮ ಮಾತು ತಿರುಗಿಸುತ್ತಾಳೆ.

ನಿಮ್ಮ ಸೊಸೆ
ಮೋಕ್ಷಿತಾ


ಕಕ್ಕಿಂಜೆ
21 ಜುಲೈ 2024

ಮಗು ಮೋಕ್ಷಿತಾ, ನಿನಗೆ ಮಾವನ ಆಶೀರ್ವಾದ.

ಅಲ್ಲ ಮಾರಾಯ್ತಿ, ಸೋಡಾ ಮಾರುವವನನ್ನು ಹೂ ಕೊಯ್ಯಲು ಹಾಕಿದೆಯಲ್ಲ! ಪುಂಜಾಲಕಟ್ಟೆಯಲ್ಲಿ ನಾನು ಚರಂಡಿಗೆ ಬಗ್ಗಿದ್ದನ್ನು ಕಂಡು ಬಸ್ಸಿನವನು "ಎಂತ ಬಿದ್ದುಹೋಯಿತು ರುಕ್ಮಯ್ಯಣ್ಣ" ಎಂದು ಬಸ್ಸನ್ನೇ ನಿಲ್ಲಿಸಿದ. ನಮ್ಮ ಪೇಟೆಯಲ್ಲಿ ಗೂಡಂಗಡಿ ಇಟ್ಟ ನಸೀಬಾಳ ಬಾಯಿ ನಿನಗೆ ಗೊತ್ತುಂಟಲ್ಲ. "ಮದುವೆ ಆಗುವ ಪ್ರಾಯದಲ್ಲಿ ಹೂ ಕೊಯ್ಯಲಿಲ್ಲ, ಈಗ ಯಾರಿಗೆ ಮಾರಾಯ್ರೆ?" ಎಂದಳು. ನನ್ನ ಸೊಸೆಗೆ ಎಂದೆ. ಅಂದಿನಿಂದ ಅವಳೇ ಹಳೆ ಪೇಪರು ತೆಗೆದಿಡುತ್ತಾಳೆ.

ಈ ಲಕೋಟೆಯಲ್ಲಿ ತುಂಬೆ (ಬಿಳಿ), ನಾಚಿಕೆಮುಳ್ಳು (ಗುಲಾಬಿ, ಕೈಯೆಲ್ಲ ಗೀರಿತು), ನೆಕ್ಕರೆ (ನೇರಳೆ), ಇನ್ನೊಂದು ಹೆಸರು ಗೊತ್ತಿಲ್ಲದ ಬಳ್ಳಿ, ಚಿನ್ನದ ಹಾಗೆ ಹಳದಿ. ಈ ರಸ್ತೆಯಲ್ಲಿ ಇಷ್ಟು ವರ್ಷ ಓಡಾಡಿದೆ, ಇಷ್ಟು ಹೂ ಇರುವುದು ಗೊತ್ತೇ ಇರಲಿಲ್ಲ ನೋಡು.

ಕೆಮ್ಮಿನ ವಿಷಯ. ನಿನಗೆ ಹೇಳಬಾರದೆಂದು ನಿನ್ನಮ್ಮ ನೀಲು ಹೇಳಿದ್ದಾಳೆ. ಆದರೆ ನಿನ್ನಲ್ಲಿ ಸುಳ್ಳು ಹೇಳಿ ನನಗೆ ಅಭ್ಯಾಸ ಇಲ್ಲ. ಟಿ.ಬಿ. ಅಂತೆ. ಹೆದರಬೇಡ, ಆರು ತಿಂಗಳು ಮಾತ್ರೆ ನುಂಗಿದರೆ ಗುಣ ಆಗುವ ಕಾಯಿಲೆ. ಕೆಮ್ಮು ಆಗಲೇ ಅರ್ಧ ಹೋಗಿದೆ. ಮಾತ್ರೆ ನುಂಗಿದ ಮೇಲೆ ಮೂತ್ರ ನಮ್ಮ ಕಿತ್ತಳೆ ಶರಬತ್ತಿನ ಬಣ್ಣಕ್ಕೆ ಬರುತ್ತದೆ, ಬಾಟ್ಲಿಗೆ ತುಂಬಿಸಿದರೆ ನನ್ನ ಅಂಗಡಿ ಲೈನಿನಲ್ಲಿ ಮಾರಬಹುದು! ಮಾತ್ರೆ ತಂದುಕೊಡುವ ಆಶಾ ಕಾರ್ಯಕರ್ತೆ ವಿಸ್ಮಿತಾ ದೊಡ್ಡ ಭಾಷಣ ಮಾಡಿದ್ದಾಳೆ. ಕಣ್ಣು ಮಂಜಾದರೆ, ಬಣ್ಣ ಹೆಚ್ಚುಕಡಿಮೆ ಕಂಡರೆ ಅದೇ ದಿನ ಬಂದು ಹೇಳಬೇಕಂತೆ, ಮಾತ್ರೆ ಬದಲಿಸಬೇಕಾಗುತ್ತದಂತೆ. ತಡ ಮಾಡಿದರೆ ಹೋದ ಕಣ್ಣು ಬರುವುದಿಲ್ಲವಂತೆ. ನಾನು ಹೇಳಿದೆ, "ಗಾಡಿ ಬಿಡುವವನ ಕಣ್ಣು ತಂಗಿ, ಹದ್ದಿನ ಕಣ್ಣು. ಅದಕ್ಕೆ ಎಂತದೂ ಆಗುವುದಿಲ್ಲ."

ಹಾಸ್ಟೆಲಿನಲ್ಲಿ ಇದನ್ನು ಯಾರಿಗೂ ಹೇಳಬೇಡ.

ಮಾವ


ಮೂಡುಬಿದಿರೆ
25 ಆಗಸ್ಟ್ 2024

ಮಾವಾ,

ನಿಮ್ಮ ಮೂರು ಲಕೋಟೆಯೂ ಸಿಕ್ಕಿತು. ಟಿ.ಬಿ. ಎಂದು ಓದಿ ಆ ರಾತ್ರಿ ತುಂಬ ಅತ್ತೆ. ಆಮೇಲೆ ಪುಸ್ತಕದಲ್ಲಿ ನೋಡಿದೆ, ಗುಣ ಆಗುತ್ತದೆ ಎಂದೇ ಉಂಟು. ಒಂದು ದಿನವೂ ಮಾತ್ರೆ ತಪ್ಪಿಸಬೇಡಿ.

ಚಿನ್ನದ ಬಣ್ಣದ ಬಳ್ಳಿಯ ಹೆಸರು ಹುಡುಕಲು ನನಗೆ ಎರಡು ವಾರ ಹಿಡಿಯಿತು. ಅದು ಸೇವಂತಿಗೆಯ ಕುಟುಂಬದ್ದು, ನಮ್ಮ ಊರಿನದ್ದೇ ಅಲ್ಲ. ಚಂದಕ್ಕೆಂದು ಯಾರೋ ದೂರ ದೇಶದಿಂದ ತಂದು ನೆಟ್ಟದ್ದು, ಈಗ ಚರಂಡಿಯೆಲ್ಲ ಅದರದ್ದೇ. ಸೋಣ ತಿಂಗಳಿನ ಗೌರಿಹೂ ಕಳಿಸಿದಿರಲ್ಲ, ಅದನ್ನು ಮೇಡಂ ಇಡೀ ಕ್ಲಾಸಿಗೆ ತೋರಿಸಿದರು. "ನಿನ್ನ ಮಾವ ಎಷ್ಟು ಚೆನ್ನಾಗಿ ಬಣ್ಣ ಬರೆಯುತ್ತಾರೆ" ಎಂದರು. ನೀವು "ಸಣ್ಣ ಮಗುವಿನ ಅಂಗಾಲಿನ ಗುಲಾಬಿ" ಎಂದು ಬರೆದಿದ್ದಿರಿ.

ನನಗೆ ಆಶ್ಚರ್ಯವಾಗಲಿಲ್ಲ. ಅಪ್ಪ ಬಿಟ್ಟುಹೋದ ಮೇಲೆ ನಮ್ಮನ್ನು ಮನೆಗೆ ಕರೆತಂದು, ನನಗೆ ಬಣ್ಣಗಳ ಹೆಸರು ಕಲಿಸಿದ್ದು ನೀವೇ ಅಲ್ಲವಾ? ಗಾಡಿಯ ಹಿಂದೆ ಕೂರಿಸಿ ಬಾಟ್ಲಿ ಬಿಸಿಲಿಗೆ ಹಿಡಿಯುತ್ತಿದ್ದಿರಿ. ಇದು ಕಿತ್ತಳೆ, ಇದು ನಿಂಬೆಹಸಿರು, ಇದು ಜೀರಿಗೆ ಕಂದು. ಬಾಲವಾಡಿಯಲ್ಲಿ ಟೀಚರ್ ಕಂದು ಬಣ್ಣ ತೋರಿಸಿದಾಗ ನಾನು "ಜೀರಾ" ಎಂದು ಕೂಗಿದ್ದನ್ನು ಅಮ್ಮ ಈಗಲೂ ಹೇಳಿ ನಗುತ್ತಾಳೆ.

ಕೆಂಪು ಪುಟ ಇನ್ನೂ ಖಾಲಿ ಉಂಟು. ಕೇಪುಳ ಕಳಿಸಿ. ಒಳ್ಳೆ ಗೊಂಚಲು ನೋಡಿ ಕೊಯ್ಯಿರಿ. ಜೇನು ಹೀರಿ ಕಳಿಸಬೇಡಿ, ನಿಮ್ಮ ಬುದ್ಧಿ ಗೊತ್ತುಂಟು.

ಮೋಕ್ಷಿತಾ


ಕಕ್ಕಿಂಜೆ
15 ಸೆಪ್ಟೆಂಬರ್ 2024

ಮಗು,

ತಡವಾಯಿತು. ರಸ್ತೆ ಅಗಲ ಮಾಡುವ ಕೆಲಸ ನಮ್ಮ ಕಡೆಗೂ ಬಂದಿದೆ. ಬದಿಯೆಲ್ಲ ಕೆತ್ತಿ ಹಾಕಿದ್ದಾರೆ, ಹೂ ಹುಡುಕಲು ಗುಡ್ಡೆ ಹತ್ತಬೇಕು. ಧೂಳಿಗೆ ಕಣ್ಣು ಬಿಡಲು ಆಗುವುದಿಲ್ಲ. ಒಂದೇ ಬದಿಯಲ್ಲಿ ಗಾಡಿ ಬಿಡುತ್ತಾರೆ. ಬಾವುಟ ಹಿಡಿದವನು ಕೆಂಪು ತೋರಿಸಿದರೆ ನಿಲ್ಲಬೇಕು, ಹಸಿರು ತೋರಿಸಿದರೆ ಹೋಗಬೇಕು. ಬಾವುಟ ಎಂದರೆ ಧೂಳು ಹಿಡಿದ ಬಟ್ಟೆ ತುಂಡು, ಯಾವುದು ಎಂತ ಎಂದು ದೇವರಿಗೇ ಗೊತ್ತು. ನಾನು ಮುಂದಿನ ಗಾಡಿ ಹೋದರೆ ಹಿಂದಿನಿಂದ ಹೋಗುತ್ತೇನೆ.

ನಿನ್ನೆ ನಸೀಬಾಳಿಗೆ ನಿಂಬೆ ಶರಬತ್ತಿನ ಕ್ರೇಟಿಗೆ ಬದಲು ಕಿತ್ತಳೆ ಇಳಿಸಿ ಬಂದೆ. "ಎಂತ ರುಕ್ಮಯ್ಯಣ್ಣ, ಹಗಲಿಗೇ ಏರಿಸಿದ್ದೀರಾ?" ಎಂದು ಮರ್ಯಾದೆ ತೆಗೆದಳು. ಪ್ರಾಯ ಆಯಿತು ಮಾರಾಯ್ತಿ. ಬೆರಳ ತುದಿಯೂ ಜೋಮು ಹಿಡಿದ ಹಾಗೆ, ಅಂಗಿಯ ಗುಬ್ಬಿ ಹಾಕಲು ಹೊತ್ತು ಹಿಡಿಯುತ್ತದೆ. ಕೆಮ್ಮು ಮಾತ್ರ ಪೂರ್ತಿ ಹೋಗಿದೆ.

ಹೂ ಇಟ್ಟಿದ್ದೇನೆ. ಚೀಟಿ ಒಳಗುಂಟು.

ಮಾವ


ಮೂಡುಬಿದಿರೆ
29 ಸೆಪ್ಟೆಂಬರ್ 2024

ಮಾವಾ,

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಸಿಟ್ಟಿನಲ್ಲೇ ಓದಿ.

ನನ್ನ ಪುಸ್ತಕ ಡಿಸೆಂಬರಿನ ಪ್ರದರ್ಶನಕ್ಕೆ ಆಯ್ಕೆಯಾಗಿತ್ತು. ಮೊನ್ನೆ ಮೇಡಂ ಎಲ್ಲರ ಎದುರು ಪುಟ ತಿರುಗಿಸಿದರು. ಕಂದು ಪುಟದಲ್ಲಿ ನಿಂತರು. "ಮೋಕ್ಷಿತಾ, ನಿಮ್ಮ ಊರಿನಲ್ಲಿ ಕಂದು ಕೇಪುಳ ಉಂಟಾ?" ಎಂದರು. ಇಡೀ ಕ್ಲಾಸು ನಕ್ಕಿತು. ನಾನು ನಿಮ್ಮ ಚೀಟಿಯನ್ನು ನಂಬಿ ಅಂಟಿಸಿದ್ದು! ಕೆಂಪು ಪುಟಕ್ಕೆಂದು ಹೇಳಿ ಕೇಳಿದ ಹೂ ಎಂಬುದೂ ನನಗೆ ನೆನಪಾಗಲಿಲ್ಲ. ನೀವು ಬರೆದ ಮೇಲೆ ಅದು ಬೇರೆ ಯಾವುದೋ ಜಾತಿ ಇರಬೇಕು ಎಂದುಕೊಂಡೆ. ನೆಕ್ಕರೆಗೆ ನೀಲಿ ಎಂದಿದ್ದೀರಿ, ಜುಲೈಯಲ್ಲಿ ನೀವೇ ನೇರಳೆ ಎಂದು ಬರೆದದ್ದು. ಗೌರಿಹೂವಿಗೆ "ಬೂದಿ ಬಿಳಿ" ಅಂತೆ! ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ, ನಿಮಗೆ ಕಂಡದ್ದೆಲ್ಲ ಬೂದಿಯಾ?

ಏನಾಗಿದೆ ಎಂದು ನನಗೆ ಗೊತ್ತು. ಕೊಯ್ದ ಕೂಡಲೇ ಬರೆಯಿರಿ ಎಂದು ಬೇಡಿಕೊಂಡಿದ್ದೆ. ನೀವು ಒಣಗಿ ಬಣ್ಣ ಬಿಟ್ಟ ಮೇಲೆ ಪೇಪರು ಬಿಡಿಸಿ, ಕಂಡದ್ದನ್ನು ಬರೆದಿದ್ದೀರಿ. ಮನಸ್ಸಿಲ್ಲದಿದ್ದರೆ ಮೊದಲೇ ಆಗುವುದಿಲ್ಲ ಎನ್ನಬಹುದಿತ್ತು.

ದಸರಾ ರಜೆಗೆ ಬರುವುದಿಲ್ಲ. ಇಲ್ಲಿಯೇ ಕುಳಿತು ಎಲ್ಲವನ್ನೂ ಕಿತ್ತು ಹೊಸದಾಗಿ ಅಂಟಿಸಬೇಕು.

ಮೋಕ್ಷಿತಾ


ಕಕ್ಕಿಂಜೆ
13 ಅಕ್ಟೋಬರ್ 2024

ಮಗು,

ನೀನು ಹೇಳಿದ್ದು ಸರಿ. ಒಣಗಿದ ಮೇಲೆ ಬರೆದೆ. ತಪ್ಪಾಯಿತು.

ಇನ್ನು ಹಾಗೆ ಆಗುವುದಿಲ್ಲ. ಈ ಸಲದ್ದೆಲ್ಲ ಸರಿ ಉಂಟು, ನಂಬು.

ರಜೆಗೆ ಬಂದಿದ್ದರೆ ಒಳ್ಳೆದಿತ್ತು. ನಿನ್ನ ಮುಖ ನೋಡಬೇಕು ಎಂದಿತ್ತು. ಇರಲಿ, ಓದು ಮುಖ್ಯ.

ಮಾವ


ಮೂಡುಬಿದಿರೆ
3 ನವೆಂಬರ್ 2024

ಮಾವಾ,

ಈ ಕಾಗದ ಸಿಕ್ಕಿದ ದಿನ ಗಾಡಿ ತೆಗೆಯಬೇಡಿ. ಕೀ ಅಮ್ಮನ ಕೈಗೆ ಕೊಡಿ. ಮೊದಲು ಇದು, ಉಳಿದದ್ದು ಆಮೇಲೆ.

ಪುಸ್ತಕ ಹೊಲಿಯಲೆಂದು ನಿಮ್ಮ ಚೀಟಿಗಳನ್ನು ತಾರೀಕಿನ ಪ್ರಕಾರ ನೆಲದ ಮೇಲೆ ಹರಡಿದೆ. ಜುಲೈಯಲ್ಲಿ ಗುಲಾಬಿ ಗುಲಾಬಿಯೇ, ನೇರಳೆ ನೇರಳೆಯೇ. ಆಗಸ್ಟ್ ಕೊನೆಗೆ ಗುಲಾಬಿ ಮಾಸಿದೆ. ಸೆಪ್ಟೆಂಬರಿನಲ್ಲಿ ಒಂದೇ ಒಂದು ಕೆಂಪು ಇಲ್ಲ. ಆದರೆ ಹಳದಿ ಎಲ್ಲ ಸರಿಯಾಗಿ ಉಂಟು. ಒಣಗಿದ ಮೇಲೆ ಬರೆದದ್ದಾಗಿದ್ದರೆ ಹಳದಿಯೂ ತಪ್ಪಬೇಕಿತ್ತು. ಅಕ್ಟೋಬರಿನ ಚೀಟಿಗಳಲ್ಲಿ ಎಲ್ಲ ಬಣ್ಣವೂ ಸರಿ, ಆದರೆ ಅಕ್ಷರ ನಿಮ್ಮದಲ್ಲ. ನಿಮ್ಮ ಕಾಗದದ ಸಾಲುಗಳು ಒಂದರ ಮೇಲೊಂದು ಹತ್ತಿವೆ.

ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ವಿಸ್ಮಿತಕ್ಕ ಹೇಳಿದ ಮಾತನ್ನು ನೀವೇ ಜುಲೈಯಲ್ಲಿ ನನಗೆ ಬರೆದಿದ್ದಿರಿ. ನಾನು ಓದಿ, ನಿಮ್ಮ ಶರಬತ್ತಿನ ತಮಾಷೆಗೆ ನಕ್ಕು, ಮರೆತೆ. ಮರೆತು ನಿಮ್ಮನ್ನೇ ಬೈದೆ. ನನ್ನ ಬಾಯಿಗೆ ಬೆಂಕಿ ಬೀಳಲಿ ಮಾವ.

ಇವತ್ತು ಫೋನಿನಲ್ಲಿ "ಕಣ್ಣು ಹೇಗುಂಟು" ಎಂದು ಕೇಳಿದೆ. ನೀವು ನಕ್ಕಿರಿ. "ಎರಡೂ ಇದ್ದಲ್ಲಿಯೇ ಉಂಟು" ಎಂದಿರಿ. ಅಮ್ಮನಲ್ಲಿ ಹೇಳಿದರೆ ಪ್ರಾಯಕ್ಕೆ ಕನ್ನಡಕ ಬರುತ್ತದೆ ಎಂದಳು. ಹಿಂದೆ ಸಾಲು ಗಲಾಟೆ ಮಾಡುತ್ತಿತ್ತು, ನನಗೆ ಅಳು ಬಂತು, ಫೋನ್ ಇಟ್ಟೆ.

ಆ ಮಾತ್ರೆಯಿಂದ ಬಣ್ಣ ಕಾಣುವುದಿಲ್ಲ ಎಂದು ಹೇಳಲು ಈಗಲೇ ವಿಸ್ಮಿತಕ್ಕನಲ್ಲಿಗೆ ಹೋಗಿ. ನಾಳೆ ಅಲ್ಲ, ಲೈನ್ ಮುಗಿಸಿ ಅಲ್ಲ. ನನಗೆ ಹೂ ಬೇಡ, ಪ್ರದರ್ಶನ ಬೇಡ.

ಮೋಕ್ಷಿತಾ


ಕಕ್ಕಿಂಜೆ
28 ನವೆಂಬರ್ 2024

ಮೋಕ್ಷಿತಾ,

ನಾನು ಅಂಗಡಿಯ ನಸೀಬಾ. ಅಕ್ಟೋಬರಿನ ಚೀಟಿಗಳೂ ನನ್ನದೇ ಅಕ್ಷರ. ಕನ್ನಡಕ ಮರೆತೆ, ಬಣ್ಣ ನೋಡಿ ಬರೆದುಕೊಡು ಎಂದಿದ್ದರು ನಿನ್ನ ಮಾವ. ಕನ್ನಡಕವೇ ಇಲ್ಲದ ಮನುಷ್ಯ ಎಂದು ನನಗೆ ಹೊಳೆಯಲಿಲ್ಲ.

ನಿನ್ನ ಪರೀಕ್ಷೆ ಮುಗಿಯುವವರೆಗೆ ಹೇಳಬಾರದೆಂದು ನಿನ್ನಮ್ಮ ನೀಲಾವತಿಯಕ್ಕ ನಮ್ಮ ಬಾಯಿ ಕಟ್ಟಿದ್ದಾರೆ. ಎರಡು ವಾರ ಫೋನಿನಲ್ಲಿ ಮಾವ ಲೈನಿಗೆ ಹೋಗಿದ್ದಾರೆ ಎಂದದ್ದು ಸುಳ್ಳು. ಆದರೆ ರುಕ್ಮಯ್ಯಣ್ಣನೇ ಬರೆ ಎಂದರು. ಹೇಳುತ್ತೇನೆ, ಗಟ್ಟಿ ಮನಸ್ಸು ಮಾಡು.

ನಿನ್ನ ಕಾಗದ ಬಂದಿತ್ತು. ಅವರು ಒಡೆಯಲಿಲ್ಲ, ಕಿಸೆಯಲ್ಲಿಟ್ಟುಕೊಂಡು ತಿರುಗಿದರು. ಓದಲು ಕಾಣುತ್ತಿರಲಿಲ್ಲ. ಯಾರಲ್ಲಾದರೂ ಓದಿಸಿದರೆ ಕಾಣುವುದಿಲ್ಲ ಎಂದು ಗೊತ್ತಾಗುತ್ತದೆ, ಗಾಡಿ ಕೈತಪ್ಪುತ್ತದೆ ಎಂದು. ಅದೇ ವಾರ ರಸ್ತೆ ಕೆಲಸ ಆಗುವಲ್ಲಿ ಇವರ ಮುಂದೆ ಬೇರೆ ಗಾಡಿ ಇರಲಿಲ್ಲ. ಬಾವುಟದವನು ಕೆಂಪು ಹಿಡಿದು ಬೀಸುತ್ತಿದ್ದ, ಇವರು ಕರೆಯುತ್ತಿದ್ದಾನೆ ಎಂದು ಹೋದರು. ಅವನು ಹಾರಿ ಬದುಕಿದ, ಕಾಲು ಮುರಿದಿದೆ. ಗಾಡಿ ಹೊಂಡಕ್ಕೆ ಬಿತ್ತು. ರಸ್ತೆಯೆಲ್ಲ ಬಾಟ್ಲಿ ಚೂರು, ಶರಬತ್ತು. ಇವರಿಗೆ ಹೆಗಲು ಮಾತ್ರ ಪೆಟ್ಟು.

ಕಣ್ಣಿನ ಡಾಕ್ಟ್ರು ನೋಡಿದರು. ಆ ಮಾತ್ರೆ ನಿಲ್ಲಿಸಿದ್ದಾರೆ. ಮೊದಲೇ ಬಂದಿದ್ದರೆ ತಿರುಗಿ ಬರುತ್ತಿತ್ತಂತೆ. ಈಗ ನರ ಒಣಗಿದೆ, ಹೋದದ್ದು ಹೋಯಿತು ಎಂದರಂತೆ. ಎದುರು ನಿಂತರೆ ನೆರಳು ಕಾಣುತ್ತದೆ, ಮುಖ ಕಾಣುವುದಿಲ್ಲ. ಬೆಳಿಗ್ಗೆ ನೀಲಾವತಿಯಕ್ಕ ಕೈ ಹಿಡಿದು ತಂದು ನನ್ನ ಅಂಗಡಿಯ ಬೆಂಚಿನಲ್ಲಿ ಕೂರಿಸಿ ಹೋಗುತ್ತಾರೆ. ನಿನ್ನ ಕಾಗದ ನಾನೇ ಓದಿದೆ. ಕೇಳಿ, ಇನ್ನೊಮ್ಮೆ ಓದು ಎಂದರು.

ಇನ್ನು ಅವರು ಹೇಳಿದ ಹಾಗೆ ಬರೆಯುತ್ತೇನೆ.

"ಮಗು, ನಿನ್ನಲ್ಲಿ ಸುಳ್ಳು ಹೇಳಿ ಅಭ್ಯಾಸ ಇಲ್ಲ ಎಂದವನೇ ಸುಳ್ಳು ಹೇಳಿದೆ. ಗಾಡಿ ಇಲ್ಲದಿದ್ದರೆ ನಾನು ಎಂತದಕ್ಕೆ ಆಗುವವನು ಎಂಬ ಹೆದರಿಕೆ. ಬಾವುಟದವನ ಮನೆಗೆ ನೀಲುವನ್ನು ಕಳಿಸಿದ್ದೆ. ಅವನ ಹೆಂಡತಿ ಬೈಯಲೂ ಇಲ್ಲವಂತೆ, ಬೈದಿದ್ದರೆ ಒಳ್ಳೆದಿತ್ತು. ನೀನು ನನ್ನನ್ನು ಬೈದದ್ದಕ್ಕೆ ಅಳಬೇಡ. ನೀನು ಬೈದದ್ದೇ ಸರಿ, ಇನ್ನೂ ಜೋರು ಬೈಯಬೇಕಿತ್ತು. ನಿನ್ನ ಕೆಂಪು ಪುಟ ನಾನು ಹಾಳು ಮಾಡಿದೆ. ಅದಕ್ಕೆ ಈ ಲಕೋಟೆಯಲ್ಲಿ ಒಂದು ಕೇಪುಳ ಇಟ್ಟಿದ್ದೇನೆ. ನಿನ್ನೆ ಅಂಗಡಿ ಎದುರಿನ ರಸ್ತೆಬದಿಯಲ್ಲಿ ನಾನೇ ತಡವಿ ತಡವಿ ಕೊಯ್ದದ್ದು. ಗೊಂಚಲು ಕೈಗೆ ಸಿಕ್ಕಿದ ಕೂಡಲೇ ಗುರ್ತ ಆಯಿತು. ಯಾರಲ್ಲೂ ಕೇಳಲಿಲ್ಲ. ಇದರ ಬಣ್ಣ ಕೆಂಪು. ಈ ಸಲ ತಪ್ಪಿಲ್ಲ. ಮಾವ."

ಮೋಕ್ಷಿತಾ, ಇದು ನನ್ನ ಮಾತು, ಅವರಿಗೆ ಓದಿ ಹೇಳಲಿಲ್ಲ. ಲಕೋಟೆ ತೆರೆದರೆ ನಿನಗೇ ಗೊತ್ತಾಗುತ್ತದೆ. ಅದು ಹೂವಲ್ಲ. ಯಾವುದೋ ಮದುವೆ ದಿಬ್ಬಣದ ಕಾರಿನಿಂದ ಬಿದ್ದ ಕೆಂಪು ಬಟ್ಟೆಯ ಹೂ, ಬೇಲಿಗೆ ಸಿಕ್ಕಿಕೊಂಡಿತ್ತು. ಅವರ ಬೆರಳಿಗೆ ಈಗ ಸ್ಪರ್ಶವೂ ಸರಿ ಇಲ್ಲ. ಎತ್ತಿ ಹಿಡಿದು "ನೋಡು ನಸೀಬಾ, ಕೇಪುಳ" ಎಂದರು. ಎಷ್ಟೋ ದಿನದ ಮೇಲೆ ನಗುತ್ತಿದ್ದರು. ಪೇಪರಿನಲ್ಲಿಟ್ಟು ಮೇಲೆ ಕ್ರೇಟು ಹೇರಿಸಿದರು, ನಾನು ಹೇರಿದೆ. ನೀನು ಎಂತ ಬರೆದರೂ ನಾನೇ ಓದಿ ಹೇಳಬೇಕು. ನೋಡಿ ಬರೆ.

ನಸೀಬಾ


ಮೂಡುಬಿದಿರೆ
6 ಡಿಸೆಂಬರ್ 2024

ಪ್ರೀತಿಯ ಮಾವನಿಗೆ,

ನಸೀಬಕ್ಕ, ನಿಧಾನಕ್ಕೆ ಓದಿ.

ಬುಧವಾರ ಪರೀಕ್ಷೆ ಮುಗಿಯುತ್ತದೆ. ಅಂದೇ ಬಸ್ ಹತ್ತುತ್ತೇನೆ. ನಾನು ಎದುರು ನಿಂತಾಗ ಯಾರು ಎಂದು ಕೇಳಬೇಡಿ ಮಾವ, ನಾನೇ ಮೊದಲು ಮಾತಾಡುತ್ತೇನೆ.

ಪ್ರದರ್ಶನಕ್ಕೆ ಪುಸ್ತಕ ಕೊಡಲಿಲ್ಲ. ಸಾತ್ವಿಕಾ ಮೇಡಂ ತುಂಬ ಹೇಳಿದರು, ಆಗುವುದಿಲ್ಲ ಎಂದೆ. ನೀವು ಸೆಪ್ಟೆಂಬರಿನಲ್ಲಿ ಬರೆದ ಚೀಟಿಗಳನ್ನು ಕಿತ್ತು ಹಾಕಿದ್ದೆನಲ್ಲ, ಅವನ್ನು ಪುನಃ ಅಂಟಿಸಿದ್ದೇನೆ. ನಿಮಗೆ ಹಾಗೆ ಕಂಡಿತ್ತು, ಹಾಗೆಯೇ ಇರಲಿ.

ಡಾಕ್ಟ್ರು ಹೇಳಿದ್ದು ತಪ್ಪಿರಬಹುದಾ ಎಂದು ಇಲ್ಲಿಯ ಪುಸ್ತಕಗಳಲ್ಲೆಲ್ಲ ಹುಡುಕಿದೆ. ಸಿಗಲಿಲ್ಲ.

ನಿಮ್ಮ ಕೇಪುಳ ಸಿಕ್ಕಿತು. ಅದಕ್ಕಾಗಿಯೇ ಕೆಂಪು ಪುಟ ಬಿಟ್ಟಿದ್ದೆ, ಮಧ್ಯದಲ್ಲಿ ಅಂಟಿಸಿದೆ. ಕೆಳಗೆ ಹೀಗೆ ಬರೆದಿದ್ದೇನೆ: ಕೇಪುಳ. ಸ್ಥಳ ಕಕ್ಕಿಂಜೆ, ನಸೀಬಕ್ಕನ ಅಂಗಡಿಯ ಎದುರು. ಕೊಯ್ದವರು ರುಕ್ಮಯ್ಯ. ಬಣ್ಣ ಕೆಂಪು.

ನೀವು ಹೇಳಿದ್ದು ಸರಿಯೇ ಮಾವ, ತಪ್ಪಿಲ್ಲ. ನೀವು ಕಳಿಸಿದ ಹೂಗಳೆಲ್ಲ ಒಣಗಿ ಬಣ್ಣ ಬಿಟ್ಟಿವೆ. ಇದೊಂದು ಮಾತ್ರ ಬಿಟ್ಟಿಲ್ಲ.

ನಿಮ್ಮ
ಮೋಕ್ಷಿತಾ